ಮಿಲ್ಹೆಮ್‌ನನ್ನು ಕಳೆದುಕೊಂಡ ಚಳಿಗಾಲ

ಹಾಯೆಲ್ ಅವರಿಗೆ ಮಕ್ಕಳಿಲ್ಲ. ಆದರೂ ಮೀಸೆ ಚಿಗುರುವ ಮೊದಲಿನಿಂದಲೇ ಊರು ಅವರನ್ನು ಕರೆದದ್ದು ಅಬು ಮಿಲ್ಹೆಮ್ ಎಂದು, ಅಂದರೆ ಮಿಲ್ಹೆಮ್‌ನ ಅಪ್ಪ ಎಂದು. ಬಾರೂಕ್ ಬೆಟ್ಟದ ಬುಡದ ಹಳ್ಳಿಗಳಲ್ಲಿ ಹಿರಿಮಗನಿಗೆ ಅಜ್ಜನ ಹೆಸರಿಡುವುದು ವಾಡಿಕೆ. ಹೀಗಾಗಿ ಮಗ ಹುಟ್ಟುವ ಎಷ್ಟೋ ಮೊದಲೇ ಅವನ ಹೆಸರು ಹುಟ್ಟಿರುತ್ತದೆ. ಹಾಯೆಲ್ ಅವರ ತಂದೆ ಮಿಲ್ಹೆಮ್. ಮದುವೆಯಾಗಿ ವರ್ಷಗಳು ಕಳೆದವು, ಬೈರೂತಿನ ವೈದ್ಯರು ಕೈಚೆಲ್ಲಿದರು. ಕರೆಯುವ ಹೆಸರನ್ನು ಮಾತ್ರ ಯಾರೂ ಹಿಂದಕ್ಕೆ ಪಡೆಯಲಿಲ್ಲ.

ತಗಡಿನ ಒಲೆಗಳನ್ನೂ ಹೊಗೆಕೊಳವೆಗಳನ್ನೂ ಮಾಡುವುದು ಅವರ ಕಸುಬು. ಸೈನ್ಯದವರು ಗುಜರಿಗೆ ಹಾಕಿದ್ದ ಜೀಪೊಂದನ್ನು ತಂದು, ಕೆಲಸ ಮುಗಿದ ಮೇಲಿನ ಸಂಜೆಗಳಲ್ಲಿ ಬೆಸುಗೆ ಹಾಕುತ್ತ ಅದನ್ನು ಎಬ್ಬಿಸಿ ನಿಲ್ಲಿಸಿದರು. ಅದು ಮೊದಲ ಸಲ ತನ್ನ ಬಲದಿಂದ ಅಂಗಳ ದಾಟಿದಾಗ ಸೇಬಿನ ತೋಟದ ಶಕೀಬ್ ಚಪ್ಪಾಳೆ ತಟ್ಟಿದರು.

"ನೋಡೋ ಅಬು ಮಿಲ್ಹೆಮ್! ನಿನ್ನ ಮಗ ಕೊನೆಗೂ ನಡೆದ!"

ಮಾತು ಬಾಯಿಂದ ಜಾರಿದ ಮೇಲೆ ಶಕೀಬ್ ಅವರ ಮುಖ ಕಪ್ಪಿಟ್ಟಿತು. ಪಕ್ಕದಲ್ಲಿದ್ದ ಶಾಲಾಮಾಸ್ತರ ನಬೀಹ್, ಶಕೀಬರ ಕಾಲು ತುಳಿದರು. ಹಾಯೆಲ್ ಮಾತ್ರ ನಕ್ಕರು.

"ನಡೆದ ಕಣೋ. ಆದ್ರೆ ಹೊಗೆ ಬಿಡೋದು ನೋಡು, ಥೇಟ್ ಅವನ ಅಜ್ಜನೇ."

ಅಂದಿನಿಂದ ಜೀಪು ಮಿಲ್ಹೆಮ್ ಆಯಿತು. ಊರೆಲ್ಲ ಹಾಗೇ ಕರೆಯಿತು, ಹಾಯೆಲ್ ಅವರ ಹೆಂಡತಿ ನಜೀರಾ ಒಬ್ಬರನ್ನು ಬಿಟ್ಟು. ಅವರ ಬಾಯಲ್ಲಿ ಅದು ಕಡೆಯವರೆಗೂ "ಆ ಗಾಡಿ".

"ಬೇರೆ ಹೆಸರಿಡಬಾರದಾ ಅದಕ್ಕೆ?" ಎಂದು ಅವರು ಒಮ್ಮೆ ಕೇಳಿದ್ದುಂಟು. "ಊರಿನ ಕತ್ತೆಗಳಿಗೂ ಅವುಗಳದ್ದೇ ಹೆಸರಿದೆ."

"ಹೆಸರು ಸುಮ್ನೆ ಖಾಲಿ ಬಿದ್ದಿತ್ತು ನಜೀರಾ. ಯಾರಿಗಾದ್ರೂ ಆಗಲಿ ಬಿಡು."

ಆ ಉತ್ತರ ಕೊಟ್ಟದ್ದಕ್ಕೆ ಬಹಳ ದಿನ ತಮಗೆ ಬಿಸಿ ರೊಟ್ಟಿ ಸಿಗಲಿಲ್ಲ ಎಂದು ಹಾಯೆಲ್ ಹೇಳುತ್ತಾರೆ.

ಪ್ರತಿ ಚಳಿಗಾಲ, ಹಿಮ ಬಿದ್ದು ಆಕಾಶ ತಿಳಿಯಾದ ಬೆಳಿಗ್ಗೆ, ಮೂವರು ಗೆಳೆಯರು ಎರಡು ಜೀಪುಗಳಲ್ಲಿ ಬೆಟ್ಟದ ನೆತ್ತಿಗೆ ಹೋಗುತ್ತಿದ್ದರು. ಮುಂದೆ ಮಿಲ್ಹೆಮ್, ಹಿಂದೆ ಶಕೀಬ್ ಅವರ ಜೀಪು. ಗಾಡಿ ಓಡಿಸಲು ಬಾರದ ನಬೀಹ್, ಶಕೀಬ್ ಪಕ್ಕದಲ್ಲಿ ಕೂತು, 'ಮಾಟೆ' ಎಂಬ ಕಹಿ ಸೊಪ್ಪಿನ ಕಷಾಯದ ಸೋರೆಬುರುಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅದಕ್ಕೆ ಬಿಸಿನೀರು ಹೊಯ್ಯುವವರು; ಒಬ್ಬರು ಹೀರಿದ ಮೇಲೆ ಕೊಳವೆಯ ತುದಿಯನ್ನು ನಿಂಬೆಸಿಪ್ಪೆಯಿಂದ ಒರೆಸಿ ಮತ್ತೊಬ್ಬರಿಗೆ ಕೊಡುವವರು. ಹಿಮ ಶುರುವಾದಲ್ಲಿ ನಿಂತು ಚಕ್ರಗಳ ಗಾಳಿ ಇಳಿಸುತ್ತಿದ್ದರು: ಮೆತ್ತಗಾದ ಚಕ್ರ ಹಿಮದ ಮೇಲೆ ಅಗಲವಾಗಿ ಕೂರುತ್ತದೆ, ಹೂತುಹೋಗುವುದಿಲ್ಲ. ನೆತ್ತಿಯ ದಾರಿ ಹಿಮದಡಿ ಕಾಣದಿದ್ದಾಗ ಅವರಿಗಿದ್ದದ್ದು ಒಂದೇ ಸೂತ್ರ: ಸಮುದ್ರ ಕಾಣುವ ಮಗ್ಗುಲು ಬಿಡಬೇಡ. ಗಾಳಿ ಬೀಸುವುದು ಸಮುದ್ರದ ಕಡೆಯಿಂದ. ಅದು ಹಿಮವನ್ನು ತಳ್ಳಿ ಆಚೆಯ ಬೆಕಾ ಕಣಿವೆಯ ಅಂಚಿನಲ್ಲಿ ಸೂರಿನ ಹಾಗೆ ಚಾಚಿ ನಿಲ್ಲಿಸುತ್ತದೆ. ನೋಡುವವರಿಗೆ ನೆಲ, ಕೆಳಗೆ ಬರೀ ಗಾಳಿ. ಈಚೆಯ ಮಗ್ಗುಲು ಗಟ್ಟಿ. ಇದು ಅವರ ಅಪ್ಪಂದಿರು ಹೇಸರಗತ್ತೆಗಳನ್ನು ಹೊಡೆದುಕೊಂಡು ಹೋಗುತ್ತಿದ್ದಾಗಲೂ ನಿಜವಾಗಿತ್ತು.

ಆ ವರ್ಷ ಮಾರ್ಚಿನಲ್ಲಿ ಗಾಳಿ ತಿರುಗಿತ್ತು. ಕೆಲವು ದಿನ ಬೆಕಾ ಕಡೆಯಿಂದ ಪೂರ್ವದ ಒಣಗಾಳಿ ಬಿಡದೆ ಬೀಸಿತ್ತು. ಮೂವರಿಗೂ ಅದು ಗೊತ್ತಿತ್ತು. ನಬೀಹ್ ಅವರ ತುಟಿ ಒಡೆದಿತ್ತು, ಅದನ್ನೇ ಹಿಡಿದು ಶಕೀಬ್ ದಾರಿಯುದ್ದಕ್ಕೂ ಛೇಡಿಸಿದ್ದರು. ಆದರೆ ತುಟಿ ಒಡೆಸಿದ ಗಾಳಿ ಹಿಮದ ಸೂರನ್ನೂ ಈಚೆ ಸಮುದ್ರದ ಮಗ್ಗುಲಿಗೆ ಕಟ್ಟಿರುತ್ತದೆ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಹಾಯೆಲ್ ಎಂದಿನಂತೆ ಸಮುದ್ರವನ್ನು ಕಿಟಕಿಯಲ್ಲಿಟ್ಟುಕೊಂಡು ಹೊರಟರು.

ಮಿಲ್ಹೆಮ್‌ನ ಮುಂದಿನ ಚಕ್ರಗಳಡಿ ಅಂಚು ಕುಸಿಯಿತು. ಜೀಪು ಮೂತಿ ಕೆಳಗೆ ಮಾಡಿ ತೂಗಿ ನಿಂತಿತು. ಶಕೀಬ್ ತಮ್ಮ ಜೀಪಿನ ಕೊಕ್ಕೆಯಿಂದ ಅದರ ಹಿಂಭಾಗಕ್ಕೆ ದಪ್ಪ ನೈಲಾನ್ ಹಗ್ಗ ಬಿಗಿದು ಹಿಂದಕ್ಕೆ ಎಳೆದರು. ಇನ್ನಷ್ಟು ಹಿಮ ಕಳಚಿತು. ಶಕೀಬ್ ಬ್ರೇಕು ಒತ್ತಿ ಹಿಡಿದಿದ್ದರೂ ಎಳೆಯುವ ಜೀಪೇ ಅಂಚಿನ ಕಡೆಗೆ ತೆವಳತೊಡಗಿತು. ಹಾಯೆಲ್ ಹಿಂಬಾಗಿಲಿನಿಂದ ನುಸುಳಿ ಹೊರಬಂದರು.

"ಶಕೀಬ್, ಇಳಿಯೋ!"

"ಇಳಿದ್ರೆ ಮಿಲ್ಹೆಮ್ ಹೋಗ್ತಾನೆ!"

"ಹೋಗ್ಲಿ! ಇಳಿ ಅಂದ್ನಲ್ಲ, ಹೇಸರಗತ್ತೆ!"

"ನಿನ್ನ ಮಗನ್ನ ನಾನು ಬಿಡಲ್ಲ ಕಣೋ! ಹೆಸರಿಟ್ಟೋನು ನಾನು!"

ಶಕೀಬ್ ಅವರಿಗೆ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಅವರ ಜೀಪು ಮತ್ತೆ ಜಾರಿತು. ಹಾಯೆಲ್ ತಿರುಗಿ, ಆಗಲೇ ಇಳಿದು ನಿಂತಿದ್ದ ನಬೀಹ್ ಅವರ ಮುಂದೆ ಕೈ ಚಾಚಿದರು. ನಿಂಬೆಸಿಪ್ಪೆ ಕೊಯ್ಯುವ ಚಾಕು ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. ಬಿಗಿದ ಹಗ್ಗ ಹಾಯೆಲ್ ಚಾಕು ತಾಗಿಸಿದ ಕೂಡಲೇ ಎಳೆ ಬಿಡತೊಡಗಿ, ಸಿಡಿದು ತುಂಡಾಗಿ ಅವರ ಅಂಗೈಯನ್ನು ಸೀಳಿತು.

ಜೀಪು ಬೀಳುವಾಗ ಹಾಯೆಲ್ ಅದರ ಹೆಸರು ಹಿಡಿದು ಕೂಗಿದರು ಎಂದು ನಬೀಹ್ ಹೇಳುತ್ತಾರೆ. ಹಾಯೆಲ್ ಒಪ್ಪುವುದಿಲ್ಲ, ಗಾಳಿಯಿತ್ತು, ಏನೋ ಕೇಳಿಸಿರಬೇಕು ಎನ್ನುತ್ತಾರೆ. ಶಕೀಬ್ ತಾವು ಏನನ್ನೂ ಕೇಳಲಿಲ್ಲವೆಂದು ಹೇಳಿ ಮಾತು ಬದಲಿಸುತ್ತಾರೆ. ಮೂವರೂ ಒಂದೇ ರೀತಿ ಹೇಳುವುದು ಇಷ್ಟನ್ನು: ಸದ್ದು ಬಹಳ ತಡವಾಗಿ ಮೇಲಕ್ಕೆ ಬಂತು.

ಊರಿಗೆ ಇಳಿದ ಮೇಲೆ ಶಕೀಬ್ ಮತ್ತೆ ತಮಾಷೆಗೆ ಯತ್ನಿಸಿದರು. ಬೇರೇನು ಮಾಡಬೇಕೆಂದು ತಿಳಿಯದ ಮನುಷ್ಯ. ಹಾಯೆಲ್ ಅವರ ಮನೆಯ ಬಾಗಿಲಲ್ಲಿ ನಿಂತು, ಸಾವಿನ ಮನೆಗೆ ಬಂದವರ ಹಾಗೆ ಎದೆಯ ಮೇಲೆ ಕೈಯಿಟ್ಟು, "ಅತ್ತಿಗೇ, ಅವನ ಉಳಿದ ಆಯಸ್ಸು ನಿಮಗೆ ಬರಲಿ. ಮಿಲ್ಹೆಮ್ ಹೋಗ್ಬಿಟ್ಟ," ಎಂದರು.

ನಜೀರಾ ಬೈಯುತ್ತಾರೆಂದು ಮೂವರೂ ಕಾದರು. ಅವರು ಗಂಡನ ಹರಿದ ಅಂಗೈಯನ್ನು ನೋಡಿದರು, ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ತಂದದ್ದು ಕಹಿ ಕಾಫಿ, ಸಕ್ಕರೆಯಿಲ್ಲದ್ದು, ಸಾವಿನ ಮನೆಯಲ್ಲಿ ಹಿಡಿ ಇಲ್ಲದ ಪುಟ್ಟ ಬಟ್ಟಲುಗಳಲ್ಲಿ ಕೊಡುವಂಥದ್ದು. ಒಬ್ಬೊಬ್ಬರ ಮುಂದೆಯೂ ಬಾಗಿ ಕೊಟ್ಟರು. ಶಕೀಬ್ ಬಟ್ಟಲನ್ನು ತುಟಿಗೆ ತಾಗಿಸದೆ ಕೆಳಗಿಟ್ಟರು.

"ಅತ್ತಿಗೇ, ನಾನು ಸುಮ್ನೆ ತಮಾಷೆಗೆ..."

"ಕುಡೀರಿ."

ಈ ಊರಿನವರು ದ್ರೂಜ್ ಪಂಥದವರು; ಅವರ ಮನೆಗಳಲ್ಲಿ ಸಾವಿಗೆ ಅತಿಯಾಗಿ ಅಳುವುದಿಲ್ಲ. ಸತ್ತವನು ಅಂಗಿ ಬದಲಿಸಿದ್ದಾನೆ, ಅದೇ ಗಳಿಗೆಯಲ್ಲಿ ಎಲ್ಲೋ ಒಂದು ಮನೆಯಲ್ಲಿ ಕೂಸಾಗಿ ಕಣ್ಣು ಬಿಟ್ಟಿದ್ದಾನೆ ಎಂಬುದು ನಂಬಿಕೆ. ಸಮಾಧಾನಕ್ಕೆಂದು ನಬೀಹ್ ಅದನ್ನೇ ಹೇಳಿದರು.

ನಜೀರಾ ತಟ್ಟೆಯನ್ನು ಕೆಳಗಿಟ್ಟರು. "ಮಾಸ್ತರೇ, ಹೋದವರು ಮತ್ತೆ ಹುಟ್ಟಿ ಬರ್ತಾರೆ, ಗೊತ್ತು. ಬಂದೇ ಇಲ್ಲದವನು ಎಲ್ಲಿ ಹುಟ್ತಾನೆ?"

ನಬೀಹ್ ಮೂವತ್ತು ವರ್ಷ ಪಾಠ ಹೇಳಿದವರು. ತಮ್ಮ ಬಟ್ಟಲನ್ನು ತಟ್ಟೆಗೆ ಮರಳಿಸಿದರು. ನಜೀರಾ ಅಲ್ಲೇ ಗೋಡೆಗೆ ಒರಗಿ ಕೂತು, ತಲೆಯ ಬಿಳಿವಸ್ತ್ರವನ್ನು ಬಾಯಿಗೊತ್ತಿಕೊಂಡು ಅತ್ತರು. ಹಾಯೆಲ್ ಹೆಂಡತಿ ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಬೈರೂತಿನ ವೈದ್ಯರ ಎದುರಿಗೂ ಅವರು ಅತ್ತಿರಲಿಲ್ಲ. ಹತ್ತಿರ ಹೋಗಬೇಕೆನಿಸಿತು, ಆದರೆ ಹೋಗಲಿಲ್ಲ ಎಂದು ಹಾಯೆಲ್ ಹೇಳುತ್ತಾರೆ.

ಹಿಮ ಕರಗಿದ ಮೇಲೆ ಜೀಪು ಕೊರಕಲಿನಲ್ಲಿ ಕಾಣಿಸುತ್ತಿದೆ ಎಂದು ಮೇಕೆ ಕಾಯುವವರು ಸುದ್ದಿ ತಂದರು. ಕ್ರೇನು ತರಿಸಿ ಎತ್ತಿಸುತ್ತೇನೆಂದು ಶಕೀಬ್ ಓಡಿಬಂದರು. ಹಾಯೆಲ್ ಹೆಂಡತಿಯ ಮುಖ ನೋಡಿದರು.

"ಮಲಗಿದೋರನ್ನ ಎಬ್ಬಿಸಬಾರದು," ಎಂದರು ನಜೀರಾ.

ಈಗಲೂ ತಿಳಿಯಾದ ಚಳಿಗಾಲದ ಬೆಳಿಗ್ಗೆ ಶಕೀಬ್ ಅವರ ಜೀಪು ಆ ಬಾಗಿಲಿಗೆ ಬಂದು ಹಾರನ್ ಹೊಡೆಯುತ್ತದೆ. ನಜೀರಾ ಹೊರಬಂದು, "ಅವರಿಗೆ ಮಂಡಿನೋವು, ಈ ಸಲ ಬೇಡವಂತೆ" ಎನ್ನುತ್ತಾರೆ. ಶಕೀಬ್ ಒತ್ತಾಯಿಸುವುದಿಲ್ಲ. ಜೀಪಿನ ಸದ್ದು ತಿರುವಿನಾಚೆ ಅಡಗುವವರೆಗೂ ಹಾಯೆಲ್ ಒಳಗೆ ಒಲೆಯ ಪಕ್ಕ ಕೂತಿರುತ್ತಾರೆ, ಹಿಮದ ಬೂಟು ಹಾಕಿಕೊಂಡು, ಲೇಸು ಬಿಗಿದುಕೊಂಡು. ಆಮೇಲೆ ನಜೀರಾ ಬಂದು ಎದುರಿಗೆ ಕೂತು ಲೇಸು ಬಿಚ್ಚುತ್ತಾರೆ.