ಹಿಕ್ಕೆ ಹಾಕದ ಹುಳು

ಸಂಕ್ರಾಂತಿ ಕಳೆದರೆ ಕೆಂಚಾರ್ಲಹಳ್ಳಿಯಲ್ಲಿ ಸುಡುವ ಕೆಲಸ ಶುರುವಾಗುತ್ತಿತ್ತು. ಕಬ್ಬು ಕಡಿದ ಹೊಲದ ತರಗು, ಉತ್ತ ನೆಲದಿಂದ ಆರಿಸಿದ ಗರಿಕೆ ಬೇರು, ಹಳೆಯ ಬೇಲಿಯ ಮುಳ್ಳು, ಬೀದಿಯ ಕಸ, ಒಟ್ಟಿನಲ್ಲಿ ಒಣಗಿದ್ದು ಯಾವುದೂ ಮುಂಗಾರಿನವರೆಗೆ ಉಳಿಯುತ್ತಿರಲಿಲ್ಲ. ಬೆಳಗಿನ ಚಳಿಗೆ ಹೊಗೆ ಮೇಲೇಳದೆ ಸೂರಿನ ಮಟ್ಟದಲ್ಲೇ ನಿಂತಿರುತ್ತಿತ್ತು. ಜನ ಟವೆಲಿನಿಂದ ಮೂಗು ಮುಚ್ಚಿಕೊಂಡು, ಈ ವರ್ಷ ಹೊಗೆ ಜಾಸ್ತಿ ಎಂದು ಮಾತಾಡಿಕೊಂಡು, ಇನ್ನೊಂದು ಗುಡ್ಡೆಗೆ ಬೆಂಕಿ ಇಡುತ್ತಿದ್ದರು.

ಆ ಊರಿನ ಅಮ್ಮಾಜಮ್ಮನ ಗಂಡ ಮುನಿಶಾಮಪ್ಪನಿಗೆ ಉಬ್ಬಸ. ವರ್ಷದ ಎಂಟು ತಿಂಗಳು ಅವನು ಎಲ್ಲರಂತೆ ಗೆಯ್ಯುವ ಮನುಷ್ಯ. ಉಳಿದ ನಾಲ್ಕು ತಿಂಗಳು ಗೋಡೆಗೆ ಒರಗಿ ಕೂತು ಉಸಿರು ಎಳೆಯುವುದೇ ಅವನ ಗೇಮೆ. ಚಿಂತಾಮಣಿಯ ಡಾಕ್ಟರು ಇಂಜೆಕ್ಷನ್ ಚುಚ್ಚಿ, "ಹೊಗೆ ಇಲ್ಲದ ಕಡೆ ಇಟ್ಟುಕೊಳ್ಳಮ್ಮ. ಇನ್ನೆರಡು ಬೇಸಿಗೆ ಹೀಗೇ ಆದರೆ ಉಳಿಯೋದು ಕಷ್ಟ" ಎಂದಿದ್ದರು. ಹೊಗೆ ಇಲ್ಲದ ಕಡೆ ಯಾವುದೆಂದು ಅವರು ಹೇಳಲಿಲ್ಲ, ಇವಳೂ ಕೇಳಲಿಲ್ಲ.

1960ರ ಬೇಸಿಗೆಯಲ್ಲಿ ಅಮ್ಮಾಜಮ್ಮ ಮನೆಮನೆಗೂ ಹೋಗಿ, ಸುಡುವುದಾದರೆ ದೂರ ಸುಡಿ ಎಂದು ಕೇಳಿಕೊಂಡಳು. ಎದುರು ಮನೆಯ ಚೆನ್ನರಾಯಪ್ಪನಿಗೆ ಅವಳ ಹಿತ್ತಿಲಿನ ಹಿಂದೆಯೇ ಕಬ್ಬಿನ ಹೊಲವಿತ್ತು. ಅವನು ಕೆಟ್ಟವನಲ್ಲ. ಕೂರಿಸಿ, ಬೆಲ್ಲ ನೀರು ಕೊಟ್ಟು, "ಅಕ್ಕಯ್ಯ, ಕೆಮ್ಮೋರು ಯಾರ ಮನೇಲಿಲ್ಲ ಹೇಳು? ನಮ್ಮಪ್ಪ ಕೆಮ್ಕೊಂಡೇ ಎಂಬತ್ತು ವರ್ಷ ಬಾಳ್ದ" ಎಂದು ಸಮಾಧಾನ ಹೇಳಿ, ಅಂದು ಸಂಜೆಯೇ ತರಗಿಗೆ ಬೆಂಕಿ ಇಟ್ಟ. ಮುನಿಶಾಮಪ್ಪ ಮೂರು ದಿನ ಬೆನ್ನು ನೆಲಕ್ಕೆ ಹಾಕಲಿಲ್ಲ.

ಹುಳುವಿನ ಮಾತೇ ಬೇರೆ. ರೇಷ್ಮೆ ಹುಳುವಿಗೆ ಹೊಗೆ ತಾಕಿದರೆ ಸೊಪ್ಪು ಬಿಟ್ಟು ಸೊರಗುತ್ತದೆ. ಹಾಗಾಗಿ ಹುಳು ಮೇಯಿಸುವ ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದರು. ಬೇವು ಕಟ್ಟಿದ ಮನೆಯ ಸುತ್ತ ಬೆಂಕಿ ಇಡುವಂತಿಲ್ಲ, ಬೀಡಿ ಸೇದುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಆ ಮನೆಯ ಒಲೆ ಕೂಡ ಬಯಲಿಗೆ ಬರುತ್ತಿತ್ತು. ಇದನ್ನು ಯಾರೂ ಯಾರಿಗೂ ಕೈಮುಗಿದು ಕೇಳಬೇಕಿರಲಿಲ್ಲ.

ಮರುವರ್ಷ ಸಂಕ್ರಾಂತಿಯ ಹೊತ್ತಿಗೆ ಅಮ್ಮಾಜಮ್ಮನ ರೇಷ್ಮೆ ಬೆಳೆ ಚೆನ್ನಾಗಿ ಬಂತು. ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಕಳಿಸಿದ ಗಡಿಬಿಡಿಯಲ್ಲಿ ಬಾಗಿಲಿನ ಬೇವು ತೆಗೆಯುವುದನ್ನು ಅವಳು ಮರೆತಳು. ಎಂಟು ದಿನದ ಮೇಲೆ ಮಟಮಟ ಮಧ್ಯಾಹ್ನ ಗಂಡ ಚಾಪೆಯ ಮೇಲೆ ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಮಾಘ ಮಾಸದಲ್ಲಿ ಅವನು ಹಾಗೆ ಮಲಗಿದ್ದನ್ನು ನೋಡಿ ಅವಳಿಗೆ ಆರು ವರ್ಷವಾಗಿತ್ತು. ಗಾಬರಿಯಿಂದ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ಉಸಿರು ಸರಾಗವಾಗಿತ್ತು. ಹೊರಗೆ ಬಂದರೆ ಬಾಗಿಲಲ್ಲಿ ಒಣಗಿದ ಬೇವು. ಅದನ್ನು ನೋಡಿ ಎಂಟು ದಿನದಿಂದ ಸುತ್ತ ಯಾರೂ ಬೆಂಕಿ ಇಟ್ಟಿರಲಿಲ್ಲ. ಆಮೇಲೆ ಹೋಗಿ ಹಸಿ ಬೇವು ತಂದು ಕಟ್ಟಿದಳು.

ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳಲು ಹೊರಟರೆ ಬಹಳ ಅಚ್ಚುಕಟ್ಟಾಗಿ ಹೇಳುತ್ತಾರೆ. ಅಮ್ಮಾಜಮ್ಮ ದಿನಾ ಬೆಳಿಗ್ಗೆ ಎಲ್ಲರಿಗೂ ಕಾಣುವಂತೆ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಹೊತ್ತು ತಂದಳು. ಅಡುಗೆಯನ್ನು ಬಯಲಲ್ಲೇ ಮಾಡಿದಳು. ಸೊಪ್ಪನ್ನೆಲ್ಲ ಹಿತ್ತಿಲ ಮೇಕೆಗಳು ತಿಂದವು. ಆ ವರ್ಷ ಅವಳ ಮೇಕೆಗಳ ಮೈ ನೋಡಿದವರು ದೃಷ್ಟಿ ತೆಗೆಸು ಎಂದರು.

"ಮನೇಲಿ ಹುಳ ಇಲ್ವಲ್ಲ, ಬೇವು ಯಾಕೆ ಕಟ್ಟಿದ್ದೀಯ?" ಎಂದು ಮುನಿಶಾಮಪ್ಪ ಒಂದು ದಿನ ಕೇಳಿದ.

"ಐತೆ."

"ಎಲ್ಲಿ?"

"ನೀವೇ."

ಅವನು ಅದನ್ನು ಯೋಚಿಸಿದ. "ಗೂಡು ಕಟ್ಟಿದ್ಮೇಲೆ ನೀವೆಲ್ಲ ಹುಳಕ್ಕೆ ಏನ್ ಮಾಡ್ತೀರ ಅಂತ ನಂಗೊತ್ತು. ನನ್ ಕೈಲಿ ಗೂಡು ಕಟ್ಟಿಸ್ಬೇಡ" ಎಂದು ಹೇಳಿ ಮಗ್ಗುಲಾದ.

ಯುಗಾದಿ ಹತ್ತಿರ ಬಂತು. ಚೆನ್ನರಾಯಪ್ಪನ ಹೊಲದಲ್ಲಿ ತರಗು ಮೊಣಕಾಲುದ್ದ ಬಿದ್ದಿತ್ತು, ಉಳುವ ಹಾಗಿರಲಿಲ್ಲ. ಅವನು ಬಂದು ಬೇವಿಗೆ ಮರ್ಯಾದೆ ಕೊಟ್ಟು ಬೀದಿಯಲ್ಲೇ ನಿಂತ. ಮಾತು ಕೇಳಿ ಇನ್ನೂ ನಾಲ್ಕು ಜನ ಸೇರಿದರು. ಅವರಿಗೂ ಸುಡುವುದಿತ್ತು.

"ಅಕ್ಕಯ್ಯ, ಇಪ್ಪತ್ತೆಂಟು ದಿನಕ್ಕೆ ಹುಳ ಹಣ್ಣಾಗಿ ಗೂಡಿಗೆ ಬೀಳ್ಬೇಕು. ಇವತ್ತಿಗೆ ಐವತ್ತಾಯ್ತು."

"ಇನ್ನೂ ಮೇಯ್ತಾವೆ ಕಣಪ್ಪ."

"ಮೇಯ್ಲಿ. ನಿಮ್ ತಿಪ್ಪೆ ನೋಡ್ಕೊಂಡ್ ಬಂದೆ. ಒಂದು ಬುಟ್ಟಿ ಹುಳದ ಹಿಕ್ಕೆ ಬಿದ್ದಿಲ್ಲ. ಐವತ್ತು ದಿನ ಮೇಯ್ದು ಹಿಕ್ಕೆ ಹಾಕ್ದೇ ಇರೋದು ಇದ್ಯಾವ ಜಾತಿ?"

ಅಮ್ಮಾಜಮ್ಮ ಎಲ್ಲವನ್ನೂ ಯೋಚಿಸಿದ್ದಳು, ಹಿಕ್ಕೆಯೊಂದನ್ನು ಬಿಟ್ಟು. "ಸರ್ಕಾರದ ಹೊಸ ತಳಿ" ಎಂದಳು.

"ಹಂಗಾದ್ರೆ ನೋಡ್ಲೇಬೇಕು."

ತಡೆದರೂ ಸುಳ್ಳು ಬಯಲಾಗುತ್ತಿತ್ತು, ಬಿಟ್ಟರೂ ಆಗುತ್ತಿತ್ತು. ನಾಳೆಯಿಂದ ಸುತ್ತಲೂ ಬೆಂಕಿ ಎಂದು ಅವಳಿಗೆ ಗೊತ್ತಿತ್ತು. ಆದರೂ, "ಕಾಲು ತೊಳ್ಕೊಂಡು ಬಾ" ಎಂದಳು.

ಒಳಗೆ ಹುಳು ಮೇಯಿಸುವ ಬಿದಿರ ತಟ್ಟೆಗಳೆಲ್ಲ ಖಾಲಿ. ನಡುಮನೆಯಲ್ಲಿ ಮುನಿಶಾಮಪ್ಪ ಗೋಡೆಗೆ ಒರಗದೆ ನೆಟ್ಟಗೆ ಕೂತು ಮುರಿದ ತಟ್ಟೆಗೆ ಬಿದಿರ ಸೀಳು ಹೆಣೆಯುತ್ತಿದ್ದ. ತಲೆ ಎತ್ತಿ, "ಬಾ ಚೆನ್ನರಾಯಪ್ಪ. ತೀರಾ ಹತ್ರ ಬರ್ಬೇಡ, ಬೀಡಿ ವಾಸ್ನೆ ಐತೆ. ನಂಗಾಗಲ್ಲ" ಎಂದ.

ಚೆನ್ನರಾಯಪ್ಪ ಖಾಲಿ ತಟ್ಟೆಗಳನ್ನೂ ಅವನನ್ನೂ ನೋಡಿದ. ಕೊನೆಗೆ ಅಮ್ಮಾಜಮ್ಮನ ಕಡೆ ತಿರುಗಿ, "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಕ್ಕಯ್ಯ" ಎಂದು ತಗ್ಗಿದ ದನಿಯಲ್ಲಿ ಹೇಳಿದ.

"ಹೇಳಿದ್ದೆ."

ಅವನಿಗೆ ನೆನಪಾಯಿತು. ತೊಳೆದ ಕಾಲನ್ನೇ ನೋಡಿಕೊಂಡು ಹೊರಗೆ ಹೋದ.

"ಹುಳ ಅವೆ" ಎಂದು ಬೀದಿಯಲ್ಲಿದ್ದವರಿಗೆ ಹೇಳಿದ. "ನಾಜೂಕು ಜಾತಿ. ಮಳೆ ಬೀಳೋವರ್ಗೂ ಈ ಕಡೆ ಯಾರೂ ಕಡ್ಡಿ ಗೀರ್ಬೇಡಿ."

ಹನ್ನೊಂದು ಗಾಡಿ ತರಗನ್ನು ಅವನು ಕೆರೆಯಾಚೆಗೆ ಸಾಗಿಸಿ ಸುಟ್ಟ. ದಾರಿಯುದ್ದಕ್ಕೂ ಎತ್ತುಗಳನ್ನೂ ಅಮ್ಮಾಜಮ್ಮನನ್ನೂ ಸರ್ಕಾರವನ್ನೂ ಸರದಿಯ ಮೇಲೆ ಬೈದ. ವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಗೊತ್ತಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಮುಂದಿನ ಬೇಸಿಗೆಯಲ್ಲಿ, ಒಂದು ಹಿಪ್ಪುನೇರಳೆ ಗಿಡವೂ ಇಲ್ಲದ ಎರಡು ಮನೆಯವರು ಬೇವು ಕಟ್ಟಿದರು. ಒಂದರಲ್ಲಿ ಬಾಣಂತಿ, ಇನ್ನೊಂದರಲ್ಲಿ ಉಬ್ಬಸದ ಮುದುಕಿ. ಅವರ ತಿಪ್ಪೆಯನ್ನು ಯಾರೂ ನೋಡಲು ಹೋಗಲಿಲ್ಲ. ತರಗು ಹೊತ್ತ ಗಾಡಿಗಳು ಕೆರೆಯಾಚೆಗೆ ಹೋಗುವುದು ರೂಢಿಯಾಯಿತು.

ಹೀಗೆ ಮುನಿಶಾಮಪ್ಪನಿಗೆ ಇನ್ನೂ ಐದು ಬೇಸಿಗೆ ಸಿಕ್ಕಿತು. 1966ರ ಆಷಾಢದಲ್ಲಿ ಅವನು ಯಾವುದೋ ವಿಷಮಜ್ವರಕ್ಕೆ ನಾಲ್ಕು ದಿನ ಮಲಗಿ ತೀರಿಕೊಂಡ. ಕೊನೆಯವರೆಗೂ ಉಸಿರು ಸಲೀಸಾಗಿತ್ತು. ಅಮ್ಮಾಜಮ್ಮ ಅದನ್ನು ಬಂದವರಿಗೆಲ್ಲ ಹೇಳಿದಳು. ಅಳಲಿಲ್ಲ.

ಸುಡುಗಾಡು ಊರಿನ ಪಡುವಲಿಗೆ. ಆಷಾಢದ ಗಾಳಿ ಅಲ್ಲಿಂದ ನೇರ ಮನೆಗಳ ಮೇಲೆ ಬೀಸುತ್ತಿತ್ತು. ತಮಟೆ ನಿಂತು, ಚಟ್ಟಕ್ಕೆ ಹೆಗಲು ಕೊಡುವ ಹೊತ್ತಿಗೆ ಅಮ್ಮಾಜಮ್ಮ ಮೈದುನ ಕೋನಪ್ಪನನ್ನು ಕರೆದಳು.

"ಗಾಳಿ ಊರ ಕಡೆಗೇ ಐತೆ. ಚೆನ್ನರಾಯಪ್ಪನ ಮನೆ ತುಂಬ ಹುಳ, ಕೊನೇ ಮೇವು. ಗಾಳಿ ತಗ್ಗೋವರ್ಗೂ ಹಚ್ಬೇಡಿ. ಎಷ್ಟೊತ್ತಾದ್ರೂ ಆಗ್ಲಿ."

ಚಟ್ಟದ ಮುಂದಿನ ಬೊಂಬು ಹಿಡಿದಿದ್ದ ಚೆನ್ನರಾಯಪ್ಪ ತಲೆ ಎತ್ತದೆ ಹೇಳಿದ: "ನಮ್ಮನೇಲಿ ಒಂದು ಹುಳಾನೂ ಇಲ್ಲ ಅಕ್ಕಯ್ಯ. ನೆನ್ನೇನೇ ಖಾಲಿಯಾಯ್ತು. ಹೊತ್ತಾಗ್ತಾ ಐತೆ, ನಡೀರಿ."

ಅವನ ಮನೆಯ ಬಾಗಿಲು ತೆರೆದಿತ್ತು, ಎರಡು ಮಾರು ದೂರ. ಒಳಗೆ ಸಾವಿರಾರು ಹುಳು ಸೊಪ್ಪು ಕಡಿಯುತ್ತಿದ್ದ ಸದ್ದು ಬೀದಿಯಲ್ಲಿದ್ದವರಿಗೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಯಾರೂ ಆ ಕಡೆ ತಿರುಗಲಿಲ್ಲ. ಅಮ್ಮಾಜಮ್ಮ ಹೊಸಲಿನ ಮೇಲೆ ಕುಸಿದು ಕೂತು, ಬೆಳಗಿನಿಂದ ಮೊದಲ ಸಲ ಅತ್ತಳು.