ತೊಟ್ಟಿ ಕಟ್ಟಿಸಿ ನೋಡು

ನಿಟ್ಟುವಳ್ಳಿಯ ನಮ್ಮ ಸೈಟಿನಲ್ಲಿ ಸದ್ಯಕ್ಕೆ ಇರುವುದು ಒಂದು ಸಿಮೆಂಟಿನ ತೊಟ್ಟಿ. ಸೊಂಟದೆತ್ತರದ್ದು, ನಾಲ್ಕೂ ಮೂಲೆ ತೊಂಬತ್ತು ಡಿಗ್ರಿಗೆ ಕೂತದ್ದು, ಒಂದು ಹನಿ ಸೋರದ್ದು. ನಾನೇ ನಿಂತು ಕಟ್ಟಿಸಿದ್ದು, ಸ್ವಾಮಿ. ನಾಳೆ ಬೆಳಿಗ್ಗೆ ಅದನ್ನು ಒಡೆಯುತ್ತಾರೆ.

ಮನೆಯನ್ನು ಪೂರ್ತಿ ಗುತ್ತಿಗೆ ಕೊಡುವುದೋ, ನಾವೇ ನಿಂತು ಕಟ್ಟಿಸುವುದೋ ಎಂಬ ಪ್ರಶ್ನೆಯನ್ನು ನಾನು ಎರಡು ವರ್ಷ ಮುದ್ದಿನಿಂದ ಸಾಕಿದ್ದೆ. ನಾನು ಪಾಠ ಮಾಡುವ ಹರಿಹರದ ಹೈಸ್ಕೂಲಿನಲ್ಲಿ, ಗುತ್ತಿಗೆ ಕೊಟ್ಟು ಕೈಸುಟ್ಟುಕೊಂಡವರು ‘ಗುತ್ತಿಗೆ ಮಾತ್ರ ಬ್ಯಾಡ್ರಿ’ ಎಂದರು. ನಿಂತು ಕಟ್ಟಿಸಿ ಬೆಂಡಾದವರು ‘ಗುತ್ತಿಗೆ ಕೊಟ್ಟು ಆರಾಮಾಗಿರ್ರಿ’ ಎಂದರು. ಮನೆಯನ್ನೇ ಕಟ್ಟಿಸದವರು ಎರಡನ್ನೂ ಅರೆದು ಕುಡಿದವರಂತೆ ಸವಿಸ್ತಾರವಾಗಿ ಮಾತಾಡಿದರು. ನನ್ನ ಒಲವು ಮೊದಲಿನಿಂದಲೂ ನನ್ನ ಕಡೆಗೇ. ಇಪ್ಪತ್ತೆಂಟು ವರ್ಷ ರೇಖಾಗಣಿತ ಕಲಿಸಿದವನಿಗೆ ನಾಲ್ಕು ಗೋಡೆ ಯಾವ ಮಹಾ!

ಹೆಂಡತಿ ಶಾರದೆಯದು ಒಂದೇ ಬೇಡಿಕೆ. ನಾವಿದ್ದ ಬಾಡಿಗೆ ಮನೆಗಳಲ್ಲೆಲ್ಲ ಒಬ್ಬರು ಒಲೆಯ ಮುಂದಿದ್ದರೆ ಇನ್ನೊಬ್ಬರು ಬಾಗಿಲಾಚೆ ನಿಲ್ಲಬೇಕು. ಹಾಗೆ ಒಂಟಿಯಾಗಿ ಬೇಯಿಸಿ ಅವಳಿಗೆ ಸಾಕುಸಾಕಾಗಿತ್ತು. ‘ಇಬ್ರು ನಿಂತು ಮಾತಾಡಿಕೆಂತ ರೊಟ್ಟಿ ಮಾಡೋವಷ್ಟು ಜಾಗ ಇದ್ರೆ ಸಾಕ್ರಿ, ಉಳಿದಿದ್ದು ನಿಮ್ಮಿಷ್ಟ’ ಎಂದಿದ್ದಳು.

ಭಾನುವಳ್ಳಿಯ ಮೇಸ್ತ್ರಿ ಇಮಾಮ್‌ಸಾಬರು ನನ್ನ ಉತ್ಸಾಹವನ್ನು ಬೀಡಾ ಜಗಿಯುತ್ತ ಕೇಳಿಸಿಕೊಂಡು, ‘ಕಟ್ಟಡಕ್ಕೆ ನೀರಿನ ತೊಟ್ಟಿ ಹೆಂಗೂ ಬೇಕು ಸಾರ್. ಇಬ್ರು ಗಾರೆಯವರನ್ನ ಕಳಸ್ತೀನಿ, ಅದೊಂದನ್ನ ನೀವು ನಿಂತು ಮಾಡಿಸ್ರಿ. ಮನೆ ಉಸ್ತುವಾರಿ ನಿಮ್ದೋ ನಂದೋ ಆಮ್ಯಾಲೆ ಹೇಳ್ರಿ’ ಎಂದರು.

ಎರಡು ದಿನ ರಜೆ ಹಾಕಿ, ಛತ್ರಿ, ಟೇಪು, ನಕ್ಷೆಗಳ ಸಮೇತ ನಿಂತೆ. ಪ್ರತಿ ಸಾಲಿಗೂ ಮೂಲೆಮಟ್ಟ ಹಿಡಿದು ನೋಡಿದೆ. ‘ವಾರ ಪೂರ್ತಿ ಎರಡು ಹೊತ್ತು ನೀರು ಹಾಕ್ರಿ ಸಾರ್, ಇಲ್ಲಾಂದ್ರೆ ಬಿರುಕು ಬಿಡತೈತಿ’ ಎಂದು ಹೇಳಿ ಗಾರೆಯವರು ಹೋದರು. ನನಗದು ನೆನಪಾದದ್ದು ಮೂರನೆಯ ದಿನ, ಹರಿಹರದಿಂದ ಬರುವ ಬಸ್ಸಿನಲ್ಲಿ. ಓಡಿಬಂದು ಮುಟ್ಟಿದರೆ ತೊಟ್ಟಿ ತಣ್ಣಗೆ ತೊಯ್ದಿತ್ತು. ಇಮಾಮ್‌ಸಾಬರು ಯಾರನ್ನೋ ಕಳಿಸುತ್ತಿರಬೇಕೆಂದುಕೊಂಡು ನಿಶ್ಚಿಂತನಾದೆ. ಒಳ್ಳೆಯ ಉಸ್ತುವಾರಿಯೆಂದರೆ ಕೆಲಸ ತಾನಾಗಿ ನಡೆಯುವುದು ಎಂದು ಸ್ಟಾಫ್ ರೂಮಿನಲ್ಲಿ ಉಪದೇಶವನ್ನೂ ಮಾಡಿದೆ. ಅದೇ ಸಂಜೆ ಶಾರದೆ, ‘ತೊಟ್ಟಿ ಅಡಿಗೆಮನೆ ಜಾಗದಾಗ ಬಂದೈತಿ ಅನ್ಸತೈತಿ ನೋಡ್ರಿ’ ಎಂದಳು. ‘ನಕ್ಷೆ ನೋಡಿ ಕಟ್ಟಿಸೀನಿ’ ಎಂದು ತಲೆಯೆತ್ತದೆ ಉತ್ತರ ಪತ್ರಿಕೆ ತಿದ್ದಿದೆ.

ನಿನ್ನೆ ಭಾನುವಾರ ಇಮಾಮ್‌ಸಾಬರು ಬಂದು ಸುಣ್ಣದ ಪುಡಿಯಲ್ಲಿ ಮನೆಯ ಗೆರೆ ಹಾಕಿದರು. ತೊಟ್ಟಿ ಅಡಿಗೆಮನೆಯ ನಡುವೆ ಕೂತಿತ್ತು. ಜೀವಮಾನವೆಲ್ಲ ಬೋರ್ಡಿಗೆ ಬೆನ್ನು ಹಾಕಿ ಮಕ್ಕಳಿಗೆ ಮುಖ ಮಾಡಿ ನಿಂತ ಅಭ್ಯಾಸ ನೋಡಿ. ಇಲ್ಲೂ ಸೈಟಿಗೆ ಬೆನ್ನು ಹಾಕಿ ರಸ್ತೆಗೆ ಮುಖ ಮಾಡಿಯೇ ನಕ್ಷೆ ಹಿಡಿದಿದ್ದೆ, ಎಡ ಬಲವಾಗಿತ್ತು.

‘ತೊಟ್ಟಿ ಮುಂದೂ ಬಳಕೆಗೆ ಬರ್ತದೆ, ಅಡಿಗೆಮನೆಯನ್ನೇ ಸ್ವಲ್ಪ ಸಣ್ಣದು ಮಾಡೋಣ’ ಎಂದೆ. ಈಗಲೂ ನಾಚಿಕೆಯಾಗುತ್ತದೆ. ಶಾರದೆ ತೊಟ್ಟಿಗೂ ಗೆರೆಗೂ ನಡುವೆ ಉಳಿದಿದ್ದ ಜಾಗದಲ್ಲಿ ಹೋಗಿ ನಿಂತಳು. ಜಾಗ ಸಾಕಲ್ಲ ಎಂದು ತೋರಿಸಲು ನಾನೂ ಪಕ್ಕದಲ್ಲಿ ನಿಂತೆ. ನನ್ನ ಒಂದು ಕಾಲು ಗೆರೆಯಾಚೆಗಿತ್ತು.

‘ಅಮ್ಮಾರು ಮೊನ್ನೇನೆ ಫೋನ್ ಮಾಡಿ ಹೇಳಿದ್ರು ಸಾರ್, ನೀವೇ ನೋಡ್ಲಿ ಅಂತ ಸುಮ್ನಿದ್ದೆ’ ಎಂದರು ಇಮಾಮ್‌ಸಾಬರು. ಮತ್ತೆ ನೀರು ಹಾಕಲು ಆಳು ಕಳಿಸಿದ್ದೇಕೆ ಎಂದು ಕೇಳಿದ್ದಕ್ಕೆ, ‘ನೀರು ಹಾಕಾಕೆ ನಾನೇನು ಯಾರನ್ನೂ ಕಳಿಸಿಲ್ಲ. ಪಕ್ಕದ ಮನೆಯಿಂದ ಕೊಡದಾಗ ತಂದು ಅಮ್ಮಾರೇ ಹಾಕ್ಯಾರ’ ಎಂದರು.

‘ಒಡೆಯೋ ತೊಟ್ಟಿ ಅಂತ ಗೊತ್ತಿದ್ದೂ ಯಾಕ ಹಾಕಿದೆ?’ ಎಂದು ಶಾರದೆಯನ್ನು ಕೇಳಿದೆ.

‘ಅಷ್ಟು ಆಸೆಯಿಂದ ಕಟ್ಸಿದ್ರಿ. ಬಿರುಕು ಬಿಟ್ಟಿದ್ರೆ ಬೇಜಾರು ಮಾಡ್ಕೆಂತಿದ್ರಿ’ ಎಂದಳು.

ನಕ್ಷೆ, ಟೇಪು ಎರಡನ್ನೂ ಅವಳ ಕೈಗಿತ್ತೆ. ಎರಡು ವರ್ಷದ ಪ್ರಶ್ನೆ ಅಷ್ಟಕ್ಕೇ ಮುಗಿಯಿತು. ಇಮಾಮ್‌ಸಾಬರು ನನ್ನತ್ತ ತಿರುಗಿಯೂ ನೋಡದೆ, ‘ಒಡೆಯೋರನ್ನ ಯಾವಾಗ ಕಳಸ್ಲಿ ಅಮ್ಮಾ?’ ಎಂದು ಕೇಳಿದರು. ಚೆನ್ನಾಗಿ ನೀರು ಕುಡಿದು ಕಲ್ಲಾಗಿದೆಯಂತೆ ತೊಟ್ಟಿ, ಇಡೀ ದಿನ ಹಿಡಿಯುತ್ತದಂತೆ.

ಹೊಸ ತೊಟ್ಟಿ ಆಚೆ ಬದಿಗೆ ಬರುತ್ತದೆ. ಅದಕ್ಕೆ ಎರಡು ಹೊತ್ತು ನೀರು ಹಾಕುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೇನೆ. ಇವತ್ತು ಸ್ಕೂಲಿನಿಂದ ಬರುವಾಗ ಒಂದು ಪ್ಲಾಸ್ಟಿಕ್ ಕೊಡವನ್ನೂ ಕೊಂಡುತಂದೆ.

ಶಾರದೆ ಅದನ್ನು ತಿರುಗಿಸಿ ನೋಡಿ, ‘ಎರಡು ತರಬಾರದಿತ್ತೇನ್ರಿ? ಮಾತಾಡಿಕೆಂತ ಹಾಕ್ತಿದ್ವಿ’ ಎಂದಳು.