ಬಿಚ್ಚಪ್ಪನ ಕರೆಗಂಟೆ

ನನ್ನ ಗಂಡನಿಗೆ ಬಿಚ್ಚಪ್ಪ ಎಂದು ಹೆಸರಿಟ್ಟವಳು ಅವನ ಅಕ್ಕ. ಚಿಕ್ಕಂದಿನಲ್ಲಿ ರೇಡಿಯೊ, ಗಡಿಯಾರ, ಬೀಗ ಯಾವುದನ್ನೂ ಬಿಚ್ಚದೆ ಬಿಟ್ಟವನಲ್ಲವಂತೆ. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು ಅವಳೇ. ಶಾಲೆಯಲ್ಲಿ ಲೆಕ್ಕದ ಟೀಚರು, ಮದುವೆಯಾದವಳಲ್ಲ. ನಾನು ಈ ಮನೆಗೆ ಬಂದಾಗ ಅತ್ತೆ, ಮಾವ, ನಾದಿನಿ ಎಲ್ಲ ಅವಳೊಬ್ಬಳೇ ಆಗಿದ್ದಳು. ನನಗೂ ಅಕ್ಕನೇ ಆದಳು.

ಬಿಚ್ಚಪ್ಪ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ. ಅವನ ಕಚೇರಿಯಲ್ಲಿ ಗೋದಾಮುಗಳಿಗೆ ಸರಕು ಕಳಿಸುವ ಒಂದು ಮುದಿ ಪ್ರೋಗ್ರಾಂ ಇದೆ. ಹದಿಮೂರು ವರ್ಷದಿಂದ ಅದನ್ನು ಕಾಯುವುದೇ ಅವನ ಉದ್ಯೋಗ. ಒಂದು ಸಾಲು ಬದಲಿಸಲು ಮೂವರ ಒಪ್ಪಿಗೆ ಬೇಕು, ಮೂವರೂ "ನಡೀತಿದೆಯಲ್ಲ, ಮುಟ್ಟಬೇಡಿ" ಎನ್ನುತ್ತಾರೆ. ಅಲ್ಲಿ ಕಟ್ಟಿಹಾಕಿದ ಕೈ ಮನೆಗೆ ಬಂದ ಮೇಲೆ ಸುಮ್ಮನಿದ್ದೀತೆ? ಹಾಲು ಮುಗಿದರೆ ಹೇಳಲೊಂದು ಪ್ರೋಗ್ರಾಂ, ಕಿಟಕಿ ತೆರೆದಿದ್ದರೆ ಹೇಳಲೊಂದು. ಅದನ್ನೂ ಒಂದು ಕಂಪ್ಯೂಟರ್ ಭಾಷೆಯಲ್ಲಿ ಬರೆದು, ಅಳಿಸಿ, ಇನ್ನೊಂದರಲ್ಲಿ ಬರೆಯಬೇಕು. ಹಾವಿನ ಹೆಸರಿನ ಭಾಷೆ, ತುಕ್ಕಿನ ಹೆಸರಿನ ಭಾಷೆ, ಬರೀ ಒಂದಕ್ಷರದ ಭಾಷೆ. ಹಾಲು ಮಾತ್ರ ನಾನೇ ತರಬೇಕು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ.

ಅಕ್ಕನಿಗೆ ನರಗಳ ಕಾಯಿಲೆ ಬಂತು. ಮೊದಲು ಕಾಲು ಹೋಯಿತು, ಆಮೇಲೆ ಕೈ, ಆಮೇಲೆ ದನಿ. ಉಳಿದದ್ದು ಬಲಗೈ ಹೆಬ್ಬೆರಳು ಮತ್ತು ಕಣ್ಣು. ಗಂಟಲಲ್ಲಿ ಕಫ ಕಟ್ಟಿದರೆ ಉಗುಳಲಾರಳು. ನಾನು ಯಂತ್ರದ ನಳಿಗೆ ಹಾಕಿ ಎಳೆದು ತೆಗೆಯಬೇಕು. ಐದಾರು ನಿಮಿಷ ತಡವಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಅರ್ಧ ಗಂಟೆಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆ, ಆದರೆ ಕಫ ಗಡಿಯಾರ ನೋಡಿ ಬರುತ್ತದೆಯೇ? ಅದಕ್ಕೇ ಬಿಚ್ಚಪ್ಪ ಅವಳ ಹೆಬ್ಬೆರಳ ಕೆಳಗೆ ಒಂದು ಗುಂಡಿ ಇಟ್ಟು, ಒತ್ತಿದರೆ ನನ್ನ ಫೋನು ಗಂಟೆ ಹೊಡೆಯುವ ಹಾಗೆ ಮಾಡಿದ. ಅವನು ಮಾಡಿದ ನೂರೆಂಟು ಆಟಗಳಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ. ಎಂಟು ತಿಂಗಳು ಒಮ್ಮೆಯೂ ಕೈಕೊಡಲಿಲ್ಲ.

ಕೈಕೊಡದಿದ್ದದ್ದೇ ತಪ್ಪಾಯಿತೇನೋ.

"ಒತ್ತಿದ ಮೇಲೆ ಒಂದು ಸೆಕೆಂಡ್ ತಗೊಳ್ತಿದೆ. ಬೇರೆ ಭಾಷೇಲಿ ಬರೆದ್ರೆ ಕಣ್ಣು ಮಿಟುಕಿಸೋದ್ರೊಳಗೆ ಹೊಡೆಯುತ್ತೆ," ಎಂದ.

"ಒಂದು ಸೆಕೆಂಡಿಗೆ ಯಾವ ಊರು ಮುಳುಗುತ್ತೆ? ಇರಲಾರದೆ ಇರುವೆ ಬಿಟ್ಕೋಬೇಡ," ಎಂದೆ.

ಅಕ್ಕ ಕಣ್ಣಲ್ಲೇ ಅಕ್ಷರದ ಹಲಗೆ ಕೇಳಿದಳು. ನಾನು ಒಂದೊಂದೇ ಅಕ್ಷರ ತೋರಿಸುತ್ತ ಹೋದರೆ ಬೇಕಾದದ್ದು ಬಂದಾಗ ರೆಪ್ಪೆ ಮುಚ್ಚುವಳು. ಹತ್ತು ನಿಮಿಷ ಹಿಡಿದು ಹೇಳಿದ್ದಿಷ್ಟು: "ಆಡ್ಲಿ ಬಿಡು. ಅವನಿಗೆ ಇನ್ನೇನಿದೆ." ಮುದ್ದು ಮಾಡಿ ಕೆಡಿಸಿದವಳು, ಮಲಗಿದಲ್ಲಿಂದಲೂ ಬಿಡಲಿಲ್ಲ.

ಎರಡು ತಿಂಗಳಲ್ಲಿ ನಾಲ್ಕು ಸಲ ಬರೆದ. ಬರೆದಾಗಲೆಲ್ಲ ಒತ್ತಿ ನೋಡಬೇಕಲ್ಲ? ಒತ್ತಿದಾಗಲೆಲ್ಲ ನನ್ನ ಫೋನು. ನಾನು ಕತ್ತರಿ ಬಿಸಾಕಿ ಓಡಿದರೆ ಇವನು ಮಂಚದ ಪಕ್ಕ ಲ್ಯಾಪ್‌ಟಾಪ್ ಹಿಡಿದು, "ಏನಿಲ್ಲ, ನಾನೇ ಒತ್ತಿದ್ದು," ಎನ್ನುವನು. ಒಂದು ಭಾನುವಾರ ಇಪ್ಪತ್ತಮೂರು ಸಲ ಓಡಿದೆ. ಇಪ್ಪತ್ತನಾಲ್ಕನೆಯ ಸಲ ಸ್ನಾನದ ಮನೆಯಿಂದ ಸೋಪಿನ ಕಾಲಲ್ಲೇ ಓಡಿ ಜಾರಿಬಿದ್ದೆ. ಮಂಡಿ ಒಡೆದು ರಕ್ತ ಬಂತು. ಬಾಯಿಗೆ ಬಂದಂತೆ ಬೈದೆ.

"ಇನ್ನೊಂದು ಸಲ ಸುಳ್ಳು ಗಂಟೆ ಹೊಡೀತೋ, ಈ ಫೋನನ್ನ ಕಿಟಕಿಯಿಂದ ಎಸೀತೀನಿ. ನಿನ್ನ ಆಟಕ್ಕೆ ನನ್ನ ಪ್ರಾಣ ತಿನ್ನಬೇಡ."

ನನ್ನ ಮಾತನ್ನು ಎಂದೂ ಕಿವಿಗೆ ಹಾಕಿಕೊಳ್ಳದವನು ಅವತ್ತು ಹಾಕಿಕೊಂಡ. ಸಂಜೆಯೊಳಗೆ ಪ್ರೋಗ್ರಾಮಿನಲ್ಲಿ ಹೊಸದೊಂದು ಏರ್ಪಾಟು ಮಾಡಿದ. ಅದಕ್ಕೆ ಪರೀಕ್ಷೆ ಎಂದು ಹೆಸರು. ಪರೀಕ್ಷೆಗೆ ಇಟ್ಟಾಗ ಗುಂಡಿ ಒತ್ತಿದರೆ ಫೋನು ಹೊಡೆಯುವುದಿಲ್ಲ, ಒತ್ತಿದ ಹೊತ್ತನ್ನು ಕಂಪ್ಯೂಟರು ತನ್ನಷ್ಟಕ್ಕೆ ಒಂದು ಸಾಲಾಗಿ ಬರೆದಿಟ್ಟುಕೊಳ್ಳುತ್ತದೆ. ಈಗಲಾದರೂ ಬುದ್ಧಿ ಬಂತಲ್ಲ ಎಂದು ಸಮಾಧಾನಪಟ್ಟೆ.

ಮಂಗಳವಾರ ಬೆಳಿಗ್ಗೆ ಒಂದು ಕಾಲಿಗೆ ಶೂ ಹಾಕಿಕೊಂಡೇ ಮತ್ತೆ ಏನೋ ತಿದ್ದುತ್ತ ಕೂತಿದ್ದ. ಬಸ್ಸಿಗೆ ಹೊತ್ತಾಯಿತು. "ಚೆನ್ನಾಗಿ ನಡೀತಿದೆ ಕಣೇ," ಎಂದು ಅಕ್ಕನ ಹಣೆ ಮುಟ್ಟಿ ಓಡಿದ. ಪರೀಕ್ಷೆಯಿಂದ ತೆಗೆಯುವುದನ್ನು ಮರೆತ.

ಹತ್ತೂವರೆಗೆ ನಾನು ಹೋಗಿ ಅವಳ ಮುಖ ಒರೆಸಿದೆ. ಚೆನ್ನಾಗಿಯೇ ಇದ್ದಳು. ಶಾಲೆಯೊಂದಕ್ಕೆ ನಲವತ್ತು ಅಂಗಿ ಕೊಡಬೇಕಿತ್ತು, ಕಾಲರ್ ಹೊಲಿಯುತ್ತ ಕೂತೆ. ಯಂತ್ರದ ಪಕ್ಕದಲ್ಲೇ ಫೋನು, ಒಂದು ಸಲವೂ ಹೊಡೆಯಲಿಲ್ಲ. ಇವತ್ತು ನೆಮ್ಮದಿಯಾಗಿ ಕೆಲಸ ಸಾಗುತ್ತಿದೆ ಎಂದುಕೊಂಡೆ. ಹಾಗೆ ಅಂದುಕೊಂಡ ನನ್ನ ಹಾಳು ಮನಸ್ಸಿಗೆ ಬೆಂಕಿ ಬೀಳಲಿ.

ಹನ್ನೊಂದಕ್ಕೆ ಹೋದಾಗ ಕಣ್ಣು ತೆರೆದೇ ಇತ್ತು. ಮೈ ಇನ್ನೂ ಬೆಚ್ಚಗಿತ್ತು. ನಳಿಗೆ ಹಾಕಿ ಎಳೆದೆ, ಎದೆ ಒತ್ತಿದೆ, ಕೂಗಿದೆ. ಏನೂ ಆಗಲಿಲ್ಲ.

ನೆಂಟರೆಲ್ಲ ಹೋದ ಮೇಲೆ, ನಾಲ್ಕನೆಯ ದಿನ, ಬಿಚ್ಚಪ್ಪ ಲ್ಯಾಪ್‌ಟಾಪ್ ತೆರೆದ. ಬೇಡ ಎಂದೆ, ಕೇಳಲಿಲ್ಲ. ಮಂಗಳವಾರ ಅವನು ಮನೆ ಬಿಟ್ಟ ಮೇಲಿನವೇ ಹತ್ತೊಂಬತ್ತು ಸಾಲುಗಳಿದ್ದವು. ಮೊದಲನೆಯದು ಹತ್ತು ನಲವತ್ತೊಂದಕ್ಕೆ. ಎರಡನೆಯದು ಅದಾಗಿ ಪೂರ್ತಿ ಒಂದು ನಿಮಿಷಕ್ಕೆ. ನಾನು ಕತ್ತರಿ ಇಟ್ಟು ಎದ್ದು ಬರಲು ಬೇಕಾದಷ್ಟು ಹೊತ್ತು ಕೊಟ್ಟಿದ್ದಳು, ಮಹಾತಾಯಿ. ಆಮೇಲಿನವು ಒಂದರ ಬೆನ್ನಿಗೆ ಒಂದು. ಹತ್ತು ನಲವತ್ತಾರಕ್ಕೆ ನಿಂತಿತ್ತು.

"ಒಂದೂ ಬಿಟ್ಟಿಲ್ಲ," ಎಂದ. "ಎಲ್ಲಾ ಬರ್ಕೊಂಡಿದೆ."

ಈಗ ಅವನು ಮನೆಯಲ್ಲಿ ಕಂಪ್ಯೂಟರ್ ಮುಟ್ಟುವುದಿಲ್ಲ. ಕಚೇರಿಯಿಂದ ಬಂದು ಗೋಡೆ ನೋಡುತ್ತ ಕೂರುತ್ತಾನೆ. ಯಾರಾದರೂ ಕೇಳಿದರೆ "ನಾನು ಮರೆತೆ, ನಂದೇ ತಪ್ಪು," ಎನ್ನುತ್ತಾನೆ. ಗಂಟೆಯ ಬಾಯಿ ಕಟ್ಟಿಸಿದವಳು ನಾನು ಎಂದು ಒಬ್ಬರಿಗೂ ಹೇಳಿಲ್ಲ. ನನಗೂ ಹೇಳಿಲ್ಲ. ಒಂದು ಸಲ ಅಂದುಬಿಡಲಿ ಎಂದು ಕಾಯುತ್ತಿದ್ದೇನೆ. ಅಂದರೆ ನಾನೂ ತಿರುಗಿ ಬೈಯಬಹುದು, ಇಬ್ಬರೂ ಕೂಗಾಡಿ ಅಳಬಹುದು. ಅವನು ಅನ್ನುವುದಿಲ್ಲ.